ಆ ಹತ್ತು ರೂಪಾಯಿ ಯಾರ್ದು?

ಕಳೆದ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಬೆಟ್ಟಕ್ಕೆ ಇನ್ನೊಂದು. ಬೆಟ್ಟದ ಎತ್ತರ 1,454 ಮೀಟರ್ ಎಂದು ನಾನು ಹೇಳಿದ್ದನ್ನು ಅವಳು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಅವಳೀಗ ಆರನೇ ತರಗತಿ.

ಮರುದಿನ ಸಂಜೆ ಮನೆಗೆಲಸಕ್ಕೆ ಕೂತಳು. ಯಾವುದಾದರೂ ಒಂದು ಸಂಖ್ಯೆಯನ್ನು ಸಮೀಪದ ಸಾವಿರಕ್ಕೆ ಅಂದಾಜಿಸಿ ಬರೆಯಬೇಕಿತ್ತು. ಅವಳು ಬೆಟ್ಟದ ಎತ್ತರವನ್ನೇ ಆರಿಸಿಕೊಂಡಳು. ಮೊದಲು ಹತ್ತಕ್ಕೆ ಅಂದಾಜಿಸಿ 1,450 ಎಂದು ಬರೆದಳು. ಆಮೇಲೆ ನೂರಕ್ಕೆ, 1,500. ಕೊನೆಗೆ ಸಾವಿರಕ್ಕೆ, 2,000. ಐದು ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆ ಇದ್ದರೆ ಕೆಳಕ್ಕೆ ಎಂಬ ನಿಯಮವನ್ನು ಪ್ರತಿ ಮೆಟ್ಟಿಲಲ್ಲೂ ಸರಿಯಾಗಿಯೇ ಪಾಲಿಸಿದ್ದಳು.

"ಪುಟ್ಟಿ, ನಮ್ಮ ಬೆಟ್ಟ ಮುಳ್ಳಯ್ಯನಗಿರಿಗಿಂತಲೂ ಎತ್ತರ ಆಗೋಯ್ತಲ್ಲ!" ಎಂದೆ. ಕರ್ನಾಟಕದ ಅತಿ ಎತ್ತರದ ಆ ಶಿಖರವೇ 2,000 ಮೀಟರ್ ಮುಟ್ಟುವುದಿಲ್ಲ.

ಒಂದು ಗೆರೆ ಎಳೆದು ತೋರಿಸಿದೆ. 1,454ರಿಂದ ಹಿಂದಿನ ಸಾವಿರಕ್ಕೆ 454 ಹೆಜ್ಜೆ, ಮುಂದಿನ ಸಾವಿರಕ್ಕೆ 546 ಹೆಜ್ಜೆ. ಹತ್ತಿರ ಇರುವುದು 1,000. ಮೂರು ಸಲ ಅಂದಾಜು ಮಾಡಿದ್ದರಿಂದ ಸಣ್ಣ ಸಣ್ಣ ತಪ್ಪುಗಳು ಒಂದರ ಹೆಗಲ ಮೇಲೊಂದು ಹತ್ತಿ ಬೆಟ್ಟವನ್ನೇ ಬೆಳೆಸಿಬಿಟ್ಟವು. ಅಂದಾಜು ಮಾಡುವುದಿದ್ದರೆ ಮೂಲ ಸಂಖ್ಯೆಯಿಂದಲೇ, ಅದೂ ಒಂದೇ ಸಲ.

"ಹಾಗಾದ್ರೆ ಅಂಕಿ ಬಿಡೋದೇ ತಪ್ಪಾ ತಾತ?" ಎಂದಳು. ಹಾಗಲ್ಲ. ನಮ್ಮ ಬಸ್ಸು ಗುಂಡ್ಲುಪೇಟೆ ತಲುಪಲು ಸುಮಾರು 35 ಕಿ.ಮೀ. ದಾರಿಗೆ 55 ನಿಮಿಷ ತೆಗೆದುಕೊಂಡಿತ್ತು. ಗಂಟೆಗೆ ಎಷ್ಟು ವೇಗ ಎಂದು ಮೊಬೈಲಿನಲ್ಲಿ ಲೆಕ್ಕ ಮಾಡಿದರೆ 38.181818 ಎಂದು ಸಾಲು ಮುಗಿಯುವುದೇ ಇಲ್ಲ. ದೂರ, ಸಮಯ ಎರಡನ್ನೂ ನಾವು ತಿಳಿದದ್ದು ಎರಡಂಕಿಯಷ್ಟೇ ಖಚಿತವಾಗಿ. ಉತ್ತರದಲ್ಲಿ ಆರೇಳು ಅಂಕಿ ಬರೆದರೆ ನಮಗೆ ಗೊತ್ತಿಲ್ಲದ್ದನ್ನೂ ಗೊತ್ತಿದೆ ಎಂದು ಹೇಳಿದಂತೆ. 38 ಎಂದರೆ ಸಾಕು. ನಂಬಬಹುದಾದ ಇಂಥ ಅಂಕಿಗಳನ್ನು ದೊಡ್ಡ ತರಗತಿಯಲ್ಲಿ ಸಾರ್ಥಕ ಅಂಕಿಗಳು ಎನ್ನುತ್ತಾರೆ.

ಅಂಕಿ ಬಿಟ್ಟರೆ ಏನಾಗುತ್ತದೆ ಎಂದು ನಾನು ಮೊದಲು ಕಂಡದ್ದು 1957ರಲ್ಲಿ, ನನಗೆ ಏಳು ವರ್ಷವಿದ್ದಾಗ. ಆ ವರ್ಷ ಏಪ್ರಿಲ್ 1ರಿಂದ ನಯಾ ಪೈಸೆ ಬಂತು. ಅದುವರೆಗೆ ರೂಪಾಯಿಗೆ 16 ಆಣೆ, ಈಗ ರೂಪಾಯಿಗೆ 100 ನಯಾ ಪೈಸೆ. ಹಳೆಯ ನಾಣ್ಯಗಳೂ ಜೊತೆಗೇ ಓಡಾಡುತ್ತಿದ್ದವು. ಒಂದಾಣೆ ಎಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ, ಹಾಗಾಗಿ ಒಂದಾಣೆಗೆ ಆರೇ ಪೈಸೆ. ನಾಲ್ಕು ಸಲ ಒಂದೊಂದಾಣೆ ಕೊಟ್ಟರೆ 24 ಪೈಸೆ, ನಾಲ್ಕಾಣೆ ಒಟ್ಟಿಗೆ ಕೊಟ್ಟರೆ 25. ಓದು ಬರಹ ಬಾರದ ನನ್ನ ಅಮ್ಮ ವಾರದೊಳಗೆ ಇದನ್ನು ಕಂಡುಕೊಂಡು, ನಾಲ್ಕಾಣೆ ಕೂಡಿದ ಮೇಲೆಯೇ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು.

ಅಮ್ಮನ ಆ ಪಾಠವನ್ನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ನಾನು ಮರೆತೆ. ಎಂಬತ್ತರ ದಶಕದ ಮೊದಲ ವರ್ಷಗಳು, ಗುಂಡ್ಲುಪೇಟೆಯಲ್ಲಿ ಗುಮಾಸ್ತನಾಗಿದ್ದೆ. ಬಡ್ಡಿಯ ಲೆಕ್ಕವೆಲ್ಲ ಕೈಯಲ್ಲೇ. ಒಂದು ದಿನ ಕೌಂಟರಿನ ಮುಂದೆ ಉದ್ದ ಸಾಲು. ಅರಿಸಿನ ಮಾರಿ ಬಂದಿದ್ದ ಒಬ್ಬ ರೈತರು ಸಾಲ ತೀರಿಸಲು ನಿಂತಿದ್ದರು. ಅಸಲು 6,000 ರೂಪಾಯಿ, ಬಡ್ಡಿ ಶೇಕಡ 12, ಅವಧಿ 250 ದಿನ. ವರ್ಷಕ್ಕೆ 720 ರೂಪಾಯಿ, ಅಂದರೆ ದಿನಕ್ಕೆ 1 ರೂಪಾಯಿ 97 ಪೈಸೆ ಚಿಲ್ಲರೆ. ಅವಸರದಲ್ಲಿ ಎರಡು ರೂಪಾಯಿ ಎಂದು ಹಿಡಿದೆ. 250 ದಿನಕ್ಕೆ 500. ಚೀಟಿ ಬರೆದು ಲೆಕ್ಕ ಓದಿ ಹೇಳಿದೆ.

ಅವರು ಬೆರಳು ಮಡಚುತ್ತಾ ನಿಂತರು. "ಅಲ್ಲ ಸ್ವಾಮಿ, ವರ್ಸಕ್ಕ ಏಳ್ನೂರಿಪ್ಪತ್ತು ಅಂದ್ರಿ. ದಿನಕ್ಕ ಎರಡು ರೂಪಾಯಿ ಅಂದ್ರ ವರ್ಸಕ್ಕ ಏಳ್ನೂರ ಮೂವತ್ತು ಆಯ್ತದಲ್ಲ. ಆ ಹತ್ತು ರೂಪಾಯಿ ಯಾರ್ದು?"

ನನ್ನ ಕಿವಿ ಬಿಸಿಯಾಯಿತು. ಮತ್ತೆ ಮಾಡಿದೆ. 720ನ್ನು ಮೊದಲು 250ರಿಂದ ಗುಣಿಸಿ, ಆಮೇಲೆ 365ರಿಂದ ಭಾಗಿಸಿದಾಗ 493 ರೂಪಾಯಿ 15 ಪೈಸೆ. ಐವತ್ತು ಪೈಸೆಗೆ ಕಡಿಮೆ ಇದ್ದುದನ್ನು ಕೊನೆಯಲ್ಲಿ ಬಿಟ್ಟೆ, 493 ಆಯಿತು. ಏಳು ರೂಪಾಯಿ ಹೆಚ್ಚಿಗೆ ಬರೆದಿದ್ದೆ. ತಪ್ಪಾಯಿತು ಎಂದೆ. "ನಿಮಗ ಚಿಲ್ಲರ ಸ್ವಾಮಿ, ನಮಗ ಒಂದಾಳು ಕೂಲಿ" ಎಂದು ನಕ್ಕು ಚೀಟಿ ತೆಗೆದುಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಇವರು ಕೇಳಿದರು, ಕೇಳದೆ ಹೋದವರೆಷ್ಟೋ? ಮ್ಯಾನೇಜರಿಗೆ ವಿಷಯ ಹೇಳಿ, ಆ ವಾರವಿಡೀ ಸಂಜೆ ಉಳಿದು ನಾನು ಬರೆದ ಚೀಟಿಗಳನ್ನೆಲ್ಲ ತಿರುವಿದೆ. ಇನ್ನೂ ಮೂರು ಸಿಕ್ಕವು. ಇಬ್ಬರನ್ನು ಕರೆಸಿ ಹಣ ಹಿಂದಿರುಗಿಸಿದೆವು. ಮೂರನೆಯವರು ಒಬ್ಬ ಅಜ್ಜಿ. ಓಲೆ ಅಡವಿಟ್ಟಿದ್ದನ್ನು ಬಿಡಿಸಿಕೊಂಡು, ಮಗಳ ಜೊತೆ ಕೇರಳದ ಸುಲ್ತಾನ್ ಬತ್ತೇರಿ ಕಡೆ ಕೂಲಿಗೆ ಹೋಗಿದ್ದರು. ಮತ್ತೆ ಬರಲೇ ಇಲ್ಲ. ಅವರಿಗೆ ಸಲ್ಲಬೇಕಾದದ್ದು ನಾಲ್ಕು ರೂಪಾಯಿ.

ಅಂದಿನಿಂದ ನಿವೃತ್ತಿಯವರೆಗೆ ಲೆಕ್ಕದ ನಡುವೆ ನಾನು ಒಂದು ಪೈಸೆಯನ್ನೂ ಬಿಡಲಿಲ್ಲ. ಬಿಡುವುದೇನಿದ್ದರೂ ಕೊನೆಯ ಸಾಲಿನಲ್ಲಿ. ಉತ್ತರ ಬಂದ ಮೇಲೆ, ಆ ರೈತರು ಮಾಡಿದಂತೆ, ಹಿಂದಕ್ಕೆ ಗುಣಿಸಿ ನೋಡುತ್ತಿದ್ದೆ. ಇವತ್ತು ಕಂಪ್ಯೂಟರು ಬಡ್ಡಿ ಹಾಕುತ್ತದೆ. ಆದರೂ ಮಕ್ಕಳೇ, ಯಾವ ಅಂಕಿಯನ್ನು ಬಿಡುವಾಗಲೂ ಅದು ಯಾರದ್ದು ಎಂದು ಒಮ್ಮೆ ಕೇಳಿಕೊಳ್ಳಿ.

ಮೊಮ್ಮಗಳು 2,000ವನ್ನು ಅಳಿಸಿ 1,000 ಎಂದು ಬರೆದಳು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತವಳು, "ತಾತ, ನಾಲ್ಕನ್ನ ಸಮೀಪದ ಹತ್ತಕ್ಕೆ ಅಂದಾಜು ಮಾಡಿದ್ರೆ ಸೊನ್ನೆ ಅಲ್ವಾ?" ಎಂದಳು.

ಪುಸ್ತಕದ ಲೆಕ್ಕದಲ್ಲಿ ಹೌದು ಎಂದೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ನಾಲ್ಕಾಗಿಯೇ ಉಳಿದಿದೆ.