ರಮ್ಮಿ ಅಂತ ಬೋರ್ಡು, ಒಳಗೆ ಬೇರೆಯೇ ಆಟ

ಮಧ್ಯ ಅಮೆರಿಕದಲ್ಲಿ ಕೋಸ್ಟರೀಕಾ ಅಂತ ಒಂದು ಪುಟ್ಟ ದೇಶ ಇದೆ. ಅದರ ರಾಜಧಾನಿ ಸಾನ್ ಹೊಸೆ. ನನ್ನ ಗಂಡನನ್ನು ಬೆಂಗಳೂರಿನ ಕಂಪನಿಯವರು ಅಲ್ಲಿಗೆ ಕೆಲಸಕ್ಕೆ ಕಳಿಸಿದ್ದರಿಂದ ನಾನೂ ಎಂಟು ತಿಂಗಳು ಅಲ್ಲಿದ್ದೆ. ಸುತ್ತ ಬೆಟ್ಟ, ಬೆಟ್ಟದ ಮೇಲೆ ಕಾಫಿ ತೋಟ, ಮಳೆಗಾಲದಲ್ಲಿ ಮಧ್ಯಾಹ್ನವಾದರೆ ಸಾಕು ಮಳೆ. ನಮ್ಮ ಮಲೆನಾಡಿನ ಕಡೆಯವರಿಗೆ ಇದರಲ್ಲಿ ಹೊಸದೇನಿಲ್ಲ. ನನಗೆ ಹೊಸದು ಅನ್ನಿಸಿದ್ದು ಅಲ್ಲಿನ ಜೂಜು.

ಅಲ್ಲಿ ಕ್ಯಾಸಿನೊಗಳು ಹೋಟೆಲುಗಳ ಒಳಗಿರುತ್ತವೆ. ಮೂರು ಸ್ಟಾರಿಗಿಂತ ಕಡಿಮೆಯ ಹೋಟೆಲಿಗೆ ಪರವಾನಗಿ ಇಲ್ಲ. ಊರ ನಡುವಿನ ಬೀದಿಯಲ್ಲಿ ಸಂಜೆ ನಡೆದು ಹೋದರೆ ಬಾಗಿಲಿಗೊಬ್ಬ ಕೋಟು ಹಾಕಿದ ಕಾವಲುಗಾರ, ಒಳಗೆ ಬಣ್ಣದ ದೀಪ ಕಾಣುತ್ತವೆ. ಒಂದು ದಿನ ಗಂಡನ ಆಫೀಸಿನವರ ಜೊತೆ ಊಟಕ್ಕೆ ಹೋದಾಗ ಅಂಥ ಒಂದು ಹೋಟೆಲಿನೊಳಗೆ ಇಣುಕಿ ನೋಡಿದೆವು. ಮೇಜಿನ ಮೇಲೆ 'ರಮ್ಮಿ' ಅಂತ ಬರೆದಿತ್ತು. ಅರೆ, ನಮ್ಮೂರ ಕಟ್ಟೆ ಮೇಲಿನ ಆಟ ಇಲ್ಲಿಗೂ ಬಂತಾ ಅಂದುಕೊಂಡೆ. ಹದಿಮೂರು ಎಲೆ ಹಂಚುತ್ತಾರೆ ಅಂತ ನೋಡಿದರೆ ಎರಡೇ ಎಲೆ! ಅದು ಇಪ್ಪತ್ತೊಂದರ ಆಟ, ಜಗತ್ತೆಲ್ಲ ಬ್ಲ್ಯಾಕ್‌ಜಾಕ್ ಅನ್ನುವುದು. ಮೊದಲ ಮೂರು ಎಲೆ ಒಂದೇ ಥರ ಬಿದ್ದರೆ ಹೆಚ್ಚು ದುಡ್ಡು ಅಂತ ಒಂದು ಬಾಲ ಸೇರಿಸಿ ರಮ್ಮಿ ಅಂತ ಕರೆದಿದ್ದಾರೆ.

ಪಕ್ಕದಲ್ಲಿ 'ಕನಾಸ್ತಾ', ಅಂದರೆ ಬುಟ್ಟಿ. ರೂಲೆಟ್ಟಿನ ಹಾಗೇ ಅಂಕಿ ಬರೆದ ಬಟ್ಟೆ ಹಾಸಿದ್ದಾರೆ, ಆದರೆ ತಿರುಗುವ ಚಕ್ರ ಇಲ್ಲ. ತಂತಿ ಬುಟ್ಟಿಯಲ್ಲಿ ಅಂಕಿ ಬರೆದ ಚೆಂಡು ತುಂಬಿ, ಹೌಸಿ ಆಟದಲ್ಲಿ ಮಾಡುವ ಹಾಗೆ ತಿರುಗಿಸಿ ಒಂದನ್ನು ತೆಗೆಯುತ್ತಾರೆ.

ಯಾಕೆ ಹೀಗೆ ಅಂತ ಕೇಳಿದಾಗ ಗೊತ್ತಾಯಿತು. ಆ ದೇಶದಲ್ಲಿ 1922ರ ಒಂದು ಜೂಜು ಕಾನೂನಿದೆ. ಅದರಲ್ಲಿ ಇಪ್ಪತ್ತೊಂದರ ಆಟ, ರೂಲೆಟ್ ಇವನ್ನೆಲ್ಲ ಹೆಸರು ಹಿಡಿದು ನಿಷೇಧ ಮಾಡಿದ್ದಾರೆ. ಹೆಸರು ಹಿಡಿದು ನಿಷೇಧಿಸಿದರೆ ಹೆಸರು ಬದಲಾಯಿಸಿದರಾಯಿತು!

ಫೋನ್ ಬೆಟ್ಟಿಂಗಿನ ಕತೆಯೂ ಇದೇ. ಅಮೆರಿಕದಲ್ಲಿ 1961ರ ಕಾನೂನಿನಿಂದ ಫೋನಿನಲ್ಲಿ ಬಾಜಿ ಹಿಡಿಯುವ ವ್ಯಾಪಾರ ಅಪರಾಧವಾಯಿತು. 1990ರ ದಶಕದಲ್ಲಿ ಆ ದಂಧೆಯ ಕಂಪನಿಗಳು ಸಾನ್ ಹೊಸೆಗೆ ಬಂದವು. ಇಂಗ್ಲಿಷ್ ಬಲ್ಲ ಅಲ್ಲಿನ ಹುಡುಗ ಹುಡುಗಿಯರು ಕಾಲ್ ಸೆಂಟರಿನಲ್ಲಿ ಕೂತು ಅಮೆರಿಕದವರ ಬಾಜಿ ಬರೆದುಕೊಳ್ಳುತ್ತಿದ್ದರು. ಕಾಗದದ ಮೇಲೆ ಅದು 'ಮಾಹಿತಿ ಸಂಸ್ಕರಣೆ'. 2006ರ ಜುಲೈನಲ್ಲಿ ಬೆಟ್‌ಆನ್‌ಸ್ಪೋರ್ಟ್ಸ್ ಎಂಬ ದೊಡ್ಡ ಕಂಪನಿಯ ಮುಖ್ಯಸ್ಥ ಬ್ರಿಟನ್ನಿನಿಂದ ಕೋಸ್ಟರೀಕಾಕ್ಕೆ ಹೋಗುವ ದಾರಿಯಲ್ಲಿ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಕಂಪನಿ ಮುಚ್ಚಿತು. ಅಲ್ಲಿ ಕೂತು ಬಾಜಿ ಬರೆದುಕೊಳ್ಳುತ್ತಿದ್ದ ಮಕ್ಕಳ ಕೆಲಸ ಹೋಯಿತು. 2012ರಲ್ಲಿ ಸರ್ಕಾರ ಕ್ಯಾಸಿನೊಗಳಿಗೂ ಈ ಕಾಲ್ ಸೆಂಟರುಗಳಿಗೂ ತೆರಿಗೆ ಹಾಕುವ ಕಾನೂನು ತಂದಿತು.

ಆದರೆ ಬಡವರು ಕ್ಯಾಸಿನೊ ಮೆಟ್ಟಿಲು ಹತ್ತುವುದು ಕಡಿಮೆ. ಅವರ ಆಟ 'ತ್ಯೆಂಪೋಸ್'. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಒಂದು ಅಂಕಿ ಹಿಡಿಯಬೇಕು. ನಮ್ಮ ಮಟ್ಕಾ, ಓಸಿ ಗೊತ್ತಿದ್ದವರಿಗೆ ವಿವರಣೆ ಬೇಡ. ವ್ಯತ್ಯಾಸ ಏನೆಂದರೆ ಇದನ್ನು ನಡೆಸುವುದು ಸರ್ಕಾರಿ ಸಂಸ್ಥೆ. 1845ರಲ್ಲಿ ಆಸ್ಪತ್ರೆ ನೋಡಿಕೊಳ್ಳಲು ಹುಟ್ಟಿದ ಸಂಸ್ಥೆಯದು. ಲಾಟರಿ ಲಾಭ ವೃದ್ಧಾಶ್ರಮ, ಅಂಗವಿಕಲರ ಸಂಸ್ಥೆಗಳಿಗೆ ಹೋಗುತ್ತದೆ. ಇದೇ ಆಟವನ್ನು ಕದ್ದು ನಡೆಸುವವರೂ ಇದ್ದಾರೆ, ಅವರು ಸ್ವಲ್ಪ ಜಾಸ್ತಿ ಕೊಡುತ್ತಾರೆ.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನಿಕರಾಗುವಾದಿಂದ ದುಡಿಯಲು ಬಂದವರು. ವಯಸ್ಸು ಐವತ್ತರ ಮೇಲೆ. ದಿನಾ ಮೂಲೆ ಅಂಗಡಿಯಲ್ಲಿ ಅಂಕಿ ಬರೆಸುತ್ತಿದ್ದರು. ಒಮ್ಮೆ ನಮ್ಮ ಮನೆ ನಂಬರು 47 ಹಿಡಿದು ಗೆದ್ದರು. ಊರಲ್ಲಿರುವ ತಾಯಿಗೆ ಗ್ಯಾಸ್ ಒಲೆ ಕೊಡಿಸಿದೆ ಅಂತ ಫೋಟೊ ತೋರಿಸಿದರು, ನಮಗೆಲ್ಲ ಬ್ರೆಡ್ಡು ತಂದುಕೊಟ್ಟರು. ಮಾರನೇ ದಿನದಿಂದ ಅವರು ಕಟ್ಟುವ ದುಡ್ಡು ಎರಡರಷ್ಟಾಯಿತು.

ನನ್ನ ಅರೆಬರೆ ಸ್ಪ್ಯಾನಿಷಿನಲ್ಲಿ ಒಂದು ಲೆಕ್ಕ ಬರೆದು ತೋರಿಸಿದೆ. ನೂರು ಅಂಕಿಗೂ ನೂರು ನೂರು ಕೊಲೋನ್ ಕಟ್ಟಿ. ಹತ್ತು ಸಾವಿರ ಹೋಯಿತು. ಒಂದು ಅಂಕಿ ಖಂಡಿತ ಬರುತ್ತದೆ. ಎಪ್ಪತ್ತು ಪಟ್ಟು ಅಂದರೆ ಏಳು ಸಾವಿರ ಕೈಗೆ ಬಂತು. ಎಲ್ಲ ಅಂಕಿಯೂ ನಿಮ್ಮದೇ ಆದಾಗಲೇ ಮೂರು ಸಾವಿರ ನಷ್ಟ. ಒಂದೊಂದೇ ಹಿಡಿದರೆ ಅದೇ ನಷ್ಟ ನಿಧಾನಕ್ಕೆ ಆಗುತ್ತದೆ.

ಅವರು ನಕ್ಕರು. "ಈ ಲೆಕ್ಕ ನನಗೆ ಗೊತ್ತಮ್ಮ. ಸಂಬಳ ಕೂಡಿಟ್ಟರೆ ಊರಲ್ಲಿ ಮನೆ ಕಟ್ಟೋದಕ್ಕೆ ಎಷ್ಟು ವರ್ಷ ಬೇಕು ಅನ್ನೋ ಲೆಕ್ಕಾನೂ ಗೊತ್ತು," ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಸೋದರಮಾವನ ಮಗ ಫೋನಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡ. ಮಾವ ಎರಡು ಎಕರೆ ಮಾರಿ ತೀರಿಸಿದರು. ಬೈಯಲು ಹೋದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಇದು ಜೂಜಲ್ಲಕ್ಕಾ, ಬುದ್ಧಿವಂತಿಕೆ ಆಟ. ಕೋರ್ಟೇ ಹೇಳಿದೆ." ರಮ್ಮಿಯಲ್ಲಿ ಕೌಶಲ್ಯ ಹೆಚ್ಚು ಅಂತ ನಮ್ಮ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದು ನಿಜ. ಆ ಒಂದು ಮಾತು ಹಿಡಿದುಕೊಂಡೇ ಆ್ಯಪ್‌ಗಳು ಹಳ್ಳಿ ಹಳ್ಳಿಗೆ ಬಂದವು. ಅಲ್ಲಿ ನಿಷೇಧವಾದ ಆಟ ರಮ್ಮಿ ಅನ್ನುವ ಹೆಸರು ಇಟ್ಟುಕೊಂಡು ಬದುಕಿತು. ಇಲ್ಲಿ ರಮ್ಮಿಯೇ 'ಸ್ಕಿಲ್ ಗೇಮ್' ಅನ್ನುವ ಹೆಸರು ಇಟ್ಟುಕೊಂಡಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಈ ದಾರಿ ಮುಚ್ಚಲು ನೋಡಿದೆ. ಕೌಶಲ್ಯವೋ ಅದೃಷ್ಟವೋ, ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವ ಆಟವೇ ಬೇಡ ಅಂದಿದೆ. ಒಳ್ಳೆಯದೇ. ಆದರೆ ಸಾನ್ ಹೊಸೆ ನೋಡಿ ಬಂದ ಮೇಲೆ ನನಗೆ ಪೂರ್ತಿ ನೆಮ್ಮದಿ ಇಲ್ಲ. ಹೊಸ ಹೆಸರಿನ ಆಟ ಯಾರಾದರೂ ನಿಮ್ಮ ಮಕ್ಕಳಿಗೆ ತೋರಿಸಿದರೆ ಹೆಸರು ಕೇಳಬೇಡಿ. ನೂರು ರೂಪಾಯಿ ಒಳಗೆ ಹೋದರೆ ಎಷ್ಟು ಹೊರಗೆ ಬರುತ್ತದೆ, ಉಳಿದದ್ದು ಯಾರ ಜೇಬಿಗೆ ಅಂತ ಕೇಳಿ. ಮಕ್ಕಳ ಜೊತೆ ಕೂತು ಕಾಗದದ ಮೇಲೆ ಬರೆದೇ ನೋಡಿ.

ನಿಮ್ಮೂರಲ್ಲಿ ಈಗ ಯಾವ ಹೆಸರಿನಲ್ಲಿ ನಡೆಯುತ್ತಿದೆ? ತಿಳಿಸಿ.