ಚಿನ್ನದ ನಾಡಿಗೆ ಬಂದು ನೆಲೆಸಿದವರು

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಸಮೀಪದ ಊರು. ಹೆಸರಿನ ಕೊನೆಯ ‘ಪಲ್ಲಿ’ಯೇ ತೆಲುಗಿನ ನೆರೆಯನ್ನು ಸಾರುತ್ತದೆ. ಮನೆಯೊಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ. ಎರಡಕ್ಕೂ ಇಲ್ಲಿ ಜಗಳವಿಲ್ಲ. ಯಾರು ಮೊದಲು ಬಂದರೆಂಬ ಪ್ರಶ್ನೆಯೇ ಏಳದಷ್ಟು ಹಳೆಯ ಬಾಳ್ವೆ ಇದು. ಆದರೆ ಬಂದವರ ಹೆಜ್ಜೆಗುರುತು ಇನ್ನೂ ಅಳಿಯದ ಊರೊಂದು ಇದೇ ಜಿಲ್ಲೆಯಲ್ಲಿದೆ. ಅದನ್ನು ಕಾಣಲೆಂದು ನಾವು ಗೌನಿಪಲ್ಲಿಯಿಂದ ಹೊರಟು, ಕೋಲಾರ, ಬಂಗಾರಪೇಟೆಗಳ ಮಾರ್ಗವಾಗಿ ಕೆ.ಜಿ.ಎಫ್. ತಲುಪಿದೆವು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆ ಇಲ್ಲಿನ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಆ ಹೊತ್ತಿಗೆ ತಾಮ್ರದ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ತಲೆತಲಾಂತರದಿಂದ ಬಂಡೆ ಕೊರೆಯುವುದನ್ನೇ ಬಲ್ಲ ಅಲ್ಲಿನ ಜನ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಚದುರಿದರು. ಕೆಲವರು ಹಡಗೇರಿ ಕೋಲಾರಕ್ಕೂ ಬಂದರು. ಹೊಟ್ಟೆಪಾಡು ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಎಳೆದೊಯ್ಯುತ್ತದೆ ನೋಡಿ!

ಬಂದವರು ತಮ್ಮ ಊರನ್ನೂ ಜೊತೆಗೆ ಹೊತ್ತು ತಂದರು. ಹೂದೋಟಗಳ ನಡುವಣ ಬಂಗಲೆ, ಕ್ಲಬ್ಬು, ಚರ್ಚು, ಗಾಲ್ಫ್ ಮೈದಾನ ಎಲ್ಲವೂ ಎದ್ದವು. ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಬಿದ್ದಿತು. ನಮ್ಮ ಕರ್ಜಿಕಾಯಿಯ ಆಕಾರದ, ಒಳಗೆ ಮಾಂಸ ಆಲೂಗಡ್ಡೆಗಳನ್ನು ತುಂಬಿದ ‘ಪೇಸ್ಟಿ’ ಕಾರ್ನ್‌ವಾಲಿನ ಗಣಿಗಾರರ ಬುತ್ತಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಈ ಗಣಿಗಳಿಗೆ ಹರಿಯಿತು. ಬೆಂಗಳೂರು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು.

ಬಂಗಲೆಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ಹೆಚ್ಚು ಕಾಡಿದ್ದು ಕಾರ್ಮಿಕರ ‘ಲೈನು’ಗಳು. ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು, ಇಲ್ಲಿ ಪುಟ್ಟ ಗೂಡುಗಳಲ್ಲಿ ಸಂಸಾರ ಹೂಡಿದರು. ಮಾರಿಯಮ್ಮನ ಜಾತ್ರೆ, ಪೊಂಗಲ್ ಹಬ್ಬ, ತಮಿಳಿನ ನುಡಿ ಅವರೊಡನೆ ಬಂದವು. ಪಂಡಿತ ಅಯೋತಿದಾಸರ ಬೌದ್ಧ ಸಂಘವೂ ಇಲ್ಲಿ ಬೇರೂರಿತು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ, ಕುದಿಯುವ ಸೆಕೆಗೆ, ಬಂಡೆ ಸಿಡಿತದ ಭಯಕ್ಕೆ ಇಳಿದವರು ಇವರೇ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ಆಜ್ಞೆ ಬಂದಾಗ, ತಾವು ಅಪರಾಧಿಗಳಲ್ಲವೆಂದು ಮುಷ್ಕರ ಹೂಡಿದವರೂ ಇವರೇ. ಚಿನ್ನ ಹಡಗೇರಿತು, ಕಲ್ಲಿನ ಧೂಳು ಇವರ ಶ್ವಾಸಕೋಶದಲ್ಲಿ ಉಳಿಯಿತು.

1956ರಲ್ಲಿ ಗಣಿಗಳು ಸರ್ಕಾರದ ವಶವಾದವು. ಆಂಗ್ಲರು ಕ್ರಮೇಣ ತಮ್ಮ ನಾಡಿಗೆ ಮರಳಿದರು. ಗಿಫರ್ಡ್, ಎಡ್ಗರ್, ಬುಲ್ಲನ್ ಎಂಬ ಅವರ ಹೆಸರುಗಳು ಮಾತ್ರ ಶಾಫ್ಟುಗಳಿಗೆ ಅಂಟಿಕೊಂಡು ಉಳಿದಿವೆ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಕಾರ್ನ್‌ವಾಲಿನಲ್ಲಿ ಆದದ್ದೇ ಇಲ್ಲಿಯೂ ಆಯಿತು.

ಆದರೆ ಈ ಸಲ ಹಡಗೇರಿ ಹೋಗುವ ಅನುಕೂಲ ಯಾರಿಗಿತ್ತು? ಲೈನಿನ ಹಿರಿಯರೊಬ್ಬರನ್ನು, ‘ತಮ್ಮ ಸ್ವಂತ ಊರು ಯಾವುದು?’ ಎಂದು ಕೇಳಿದೆವು. ‘ಇದೇ ಸ್ವಾಮಿ, ಬೇರೆ ಯಾವುದು?’ ಎಂದರು. ತಾತ ಬಂದ ಹಳ್ಳಿಯ ಹೆಸರು ಅವರಿಗೆ ಗೊತ್ತು, ಹಾದಿ ಗೊತ್ತಿಲ್ಲ. ಸಯನೈಡ್ ದಿಬ್ಬಗಳ ಬೂದು ಧೂಳು ಗಾಳಿಗೆ ಏಳುತ್ತಿತ್ತು. ಅವರ ಮೊಮ್ಮಗ ನಸುಕಿನಲ್ಲೇ ಮಾರಿಕುಪ್ಪಂ ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾನೆ. ಮನೆ ಸೇರುವಾಗ ರಾತ್ರಿಯಾಗಿರುತ್ತದೆ.