ಅವಳಿಗೆ ಸೂಜಿ, ಅವನಿಗೆ?

ನಾನು ವೈದ್ಯಾಧಿಕಾರಿಯಾಗಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ತಾಯಿ ಕಾರ್ಡುಗಳು ನೋಡಲು ಬಲು ಚೆಂದ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ರಕ್ತಪರೀಕ್ಷೆ, ಯಾವ ಮನೆಯೂ ಖಾಲಿ ಇರುತ್ತಿರಲಿಲ್ಲ. ಪರಿಶೀಲನೆಗೆ ಬಂದವರು ಶಹಬ್ಬಾಸ್ ಅಂದು ಹೋಗುತ್ತಿದ್ದರು.

ಚೊಚ್ಚಲ ಬಸುರಿಯೊಬ್ಬಳಿಗೆ ಮೂರನೇ ತಿಂಗಳಲ್ಲೇ ಸಿಫಿಲಿಸ್ ಇರುವುದು ಗೊತ್ತಾಯಿತು. ಮದ್ದು ದುಬಾರಿಯದಲ್ಲ: ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸೊಂಟಕ್ಕೆ. ಸೋಂಕು ಎಷ್ಟು ಹಳೆಯದೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು. ಈ ಮದ್ದು ಮಾಸು ದಾಟಿ ಕೂಸಿಗೂ ತಲುಪುತ್ತದೆ; ಬದಲಿಗೆ ಎರಿತ್ರೋಮೈಸಿನ್ ಕೊಟ್ಟರೆ ಆ ಭರವಸೆ ಇಲ್ಲ. ರಿಯಾಕ್ಷನ್ ಆದೀತೆಂದು ಎಷ್ಟೋ ಕಡೆ ಈ ಸೂಜಿಗೆ ಹೆದರುತ್ತಾರೆ. ನಾನು ಹೆದರದೆ ಮೂರೂ ಹಾಕಿಸಿದೆ. ಬಾಯಿ ಬಿಡಲು ಮಾತ್ರ ಆಗಲಿಲ್ಲ.

"ಏನಾಗೇತ್ರಿ ಸಾಹೇಬ್ರ?" ಅಂದಳು. ಪಕ್ಕದಲ್ಲೇ ಅತ್ತೆ. "ರಕ್ತದಾಗ ಸ್ವಲ್ಪ ನಂಜು ಐತವಾ, ಸೂಜಿ ಮಾಡಿದ್ರ ಹೋಗ್ತೈತಿ" ಅಂದುಬಿಟ್ಟೆ. ಅತ್ತೆಯನ್ನು ಹೊರಗೆ ಕೂರಿಸಿ ಹೇಳಬಹುದಿತ್ತು. ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ, ಅವನ ನಂಬರ್ ಕಾರ್ಡಿನಲ್ಲೇ ಇತ್ತು. ಅವನಿಗೂ ಹೇಳಲಿಲ್ಲ. ಮದ್ದು ಕಾಣದೆಯೇ ದೀಪಾವಳಿಗೆ ಊರಿಗೆ ಬಂದು ಹೋದ. ಪೆನಿಸಿಲಿನ್ ಇದ್ದ ಸೋಂಕನ್ನು ಕೊಲ್ಲುತ್ತದೆ, ಮತ್ತೆ ಅಂಟದಂತೆ ಕಾಯುವುದಿಲ್ಲ. ಏಳು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ರಕ್ತ ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ. ವಿಡಿಆರ್‌ಎಲ್ ಮನೆ ಆಗಲೇ ತುಂಬಿತ್ತಲ್ಲ!

ಹೆರಿಗೆ ತವರಿನಲ್ಲಾಯಿತು. ಹುಟ್ಟಿದಾಗ ಕೂಸು ಚೆನ್ನಾಗಿಯೇ ಇತ್ತಂತೆ. ಈ ರೋಗ ಹೊತ್ತ ಬಹಳ ಕೂಸುಗಳು ಹಾಗೆಯೇ ಹುಟ್ಟುತ್ತವೆ. ಕೆಲವು ವಾರಕ್ಕೆ ಮೂಗು ಸೋರಿ, ಕಟ್ಟಿ, ಮೊಲೆ ಹಿಡಿಯಲಾರದೆ ಅಳತೊಡಗಿತು. ನೆಗಡಿಯೆಂದು ಬಜೆ ತೇದು ನೆಕ್ಕಿಸಿದರು. ಅಂಗೈ, ಅಂಗಾಲಿನ ತೊಗಲು ಸುಲಿಯತೊಡಗಿದಾಗ ಗಾಬರಿಬಿದ್ದು ದೊಡ್ಡಾಸ್ಪತ್ರೆಗೆ ಓಡಿದರು. 10 ದಿನ ಪೆನಿಸಿಲಿನ್ ಕೊಟ್ಟ ಮೇಲೆ ಉಳಿಯಿತು. ಕಣ್ಣು, ಕಿವಿ, ಹಲ್ಲಿನ ಮೇಲೆ ಮಾತ್ರ ಇನ್ನು ವರ್ಷಗಟ್ಟಲೆ ನಿಗಾ ಇಡಬೇಕು.

ಯಾವ ಹೆಣ್ಣುಮಗಳ ಮರ್ಯಾದೆ ಕಾಯುತ್ತೇನೆಂದು ಸುಮ್ಮನಿದ್ದೆನೋ, ಅವಳನ್ನೇ ಅತ್ತೆಮನೆಯವರು ಬೀದಿಗೆಳೆದು ಬೈದರೆಂದು ಆಶಾ ಕಾರ್ಯಕರ್ತೆ ಬಂದು ಹೇಳಿದಳು. ಅವತ್ತೇ ಗೋವಾಕ್ಕೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ.

"ಮೊದಲ ಹೇಳಿದ್ರ ಮೊದಲ ಬರ್ತಿದ್ನಲ್ರಿ" ಅಂದ. ಮರುದಿನದ ಬಸ್ಸಿಗೇ ಬಂದ.